ಹಸಿರು ಬಣ್ಣದ ಬಿಳಿಯಾನೆ

ಮೈಸೂರು ದಸರೆಗೆ ಕಾಡಿನ ಶಿಬಿರಗಳಿಂದ ನಾಡಿಗೆ ಬರುವ ಆನೆಗಳನ್ನು ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಲಾರಿ ತೂಗುವ ವೇ ಬ್ರಿಜ್ ಮೇಲೆ ಒಂದೊಂದಾಗಿ ಹತ್ತಿ ಇಳಿಯುವ ಗಂಡಾನೆಗಳು ನಾಲ್ಕೈದು ಟನ್ ತೂಗುತ್ತವೆ. ವಿಜಯದಶಮಿಯಂದು ಅವುಗಳಲ್ಲೊಂದರ ಬೆನ್ನಿಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಏರುತ್ತದೆ. ಅಷ್ಟು ಭಾರ ಹೊರಬಲ್ಲ ಆನೆಯನ್ನು ಆರಿಸಿ, ಮರಳಿನ ಮೂಟೆ ಹೊರಿಸಿ, ಅಭ್ಯಾಸ ಮಾಡಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಇಷ್ಟೆಲ್ಲ ಸಿದ್ಧತೆ ಅರಮನೆಯಿಂದ ಬನ್ನಿಮಂಟಪದವರೆಗಿನ ಒಂದು ದಿನದ ನಡಿಗೆಗೆ.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2021ರ ಡಿಸೆಂಬರ್‌ನಲ್ಲಿ ಗ್ರಾಹಕರಿಗೆ ಕೊಡಲಾರಂಭಿಸಿದ ಒಂದು ವಾಹನ ಆನೆಯಷ್ಟೇ ತೂಗುತ್ತದೆ: 4,100 ಕಿಲೋ. ಅದರ ಹೊಟ್ಟೆಯಡಿಯ ಬ್ಯಾಟರಿಯ ತೂಕವೇ 1,300 ಕಿಲೋಗೆ ಮಿಕ್ಕಿದ್ದು, ಅಂದರೆ ಒಂದೂಮುಕ್ಕಾಲು ಅಂಬಾರಿಯ ಭಾರ. ಈ ಅಂಬಾರಿಯನ್ನು ಇಳಿಸುವ ದಿನವಿಲ್ಲ. ಹಾಲು ತರಲು ಹೋದರೂ, ಮಗುವನ್ನು ಶಾಲೆಗೆ ಬಿಡಲು ಹೋದರೂ ಅದು ಜತೆಗೇ ಬರುತ್ತದೆ. ವಾಹನದ ಹೆಸರು ಹಮ್ಮರ್ ಇ.ವಿ. ಹೊಗೆಯ ಕೊಳವೆ ಅದಕ್ಕಿಲ್ಲ. ಆದ್ದರಿಂದ ಇದು ಪರಿಸರಸ್ನೇಹಿ ಎಂಬುದು ಮಾರುವವರ ಮಾತು, ಬಹಳಷ್ಟು ಸರ್ಕಾರಗಳ ಲೆಕ್ಕ ಕೂಡ.

ಆ ಲೆಕ್ಕ ಎಷ್ಟರಮಟ್ಟಿಗೆ ಸರಿ? ಭೂಮಿ ಬಿಸಿಯೇರುವುದನ್ನು ತಡೆಯಲು ಪೆಟ್ರೋಲು, ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಬರಬೇಕು ಎಂಬುದರಲ್ಲಿ ತಜ್ಞರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆದರೆ ವಿದ್ಯುತ್ತಿನದು ಎಂಬ ಒಂದೇ ಕಾರಣಕ್ಕೆ ಎಷ್ಟು ದೊಡ್ಡ ವಾಹನ ಕೊಂಡರೂ ಭೂಮಿಗೆ ಒಳಿತಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಮ್ಮರ್‌ನ ಕತೆಯಲ್ಲಿ ಈ ಪ್ರಶ್ನೆಯ ಎಲ್ಲ ಎಳೆಗಳೂ ಇವೆ.

ರಣರಂಗದಿಂದ ರಾಜಬೀದಿಗೆ

ಹಮ್ಮರ್ ಹುಟ್ಟಿದ್ದು ಸೈನ್ಯಕ್ಕಾಗಿ. 1983ರಲ್ಲಿ ಅಮೆರಿಕದ ಸೇನೆ ಎ.ಎಂ. ಜನರಲ್ ಎಂಬ ಕಂಪನಿಗೆ ಗುಡ್ಡಗಾಡಿನಲ್ಲೂ ಮರಳಿನಲ್ಲೂ ಓಡಬಲ್ಲ ವಾಹನಗಳ ಗುತ್ತಿಗೆ ಕೊಟ್ಟಿತು. 1991ರ ಕೊಲ್ಲಿ ಯುದ್ಧ ಟೆಲಿವಿಷನ್ನಿನಲ್ಲಿ ಮನೆಮನೆಗೆ ಬಂದಾಗ ಆ ವಾಹನವೂ ಬಂತು. ಅದನ್ನು ತನಗೂ ಕೊಡಿ ಎಂದು ಬೆನ್ನುಹತ್ತಿದವರಲ್ಲಿ ಮುಖ್ಯನಾದವನು ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜನೆಗರ್. 1992ರಲ್ಲಿ ಸಾರ್ವಜನಿಕರಿಗೆ ಮಾರಾಟ ಶುರುವಾಯಿತು. 1999ರಲ್ಲಿ ಹೆಸರಿನ ಹಕ್ಕನ್ನು ಜನರಲ್ ಮೋಟಾರ್ಸ್ ಕೊಂಡಿತು. ಶ್ರೀಮಂತರ ಅಂಗಳಕ್ಕೆ ಹೊಂದುವ ಎಚ್2 ಎಂಬ ಮಾದರಿ 2002ರಲ್ಲಿ ಬಂತು.

ಪೆಟ್ರೋಲು ಕುಡಿಯುವುದರಲ್ಲಿ ಹಮ್ಮರ್‌ಗೆ ಸರಿಸಾಟಿ ಇರಲಿಲ್ಲ. ಪರಿಸರವಾದಿಗಳ ಪಾಲಿಗೆ ಅದು ಭೋಗದ ಪ್ರತೀಕವಾಯಿತು. 2008ರಲ್ಲಿ ತೈಲದ ಬೆಲೆ ಗಗನಕ್ಕೇರಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ಹಮ್ಮರ್ ಹೆಸರನ್ನು ಚೀನಾದ ಕಂಪನಿಯೊಂದಕ್ಕೆ ಮಾರುವ ಪ್ರಯತ್ನ ಕೈಗೂಡದೆ 2010ರಲ್ಲಿ ಬಾಗಿಲು ಮುಚ್ಚಲಾಯಿತು. ಕತೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು. ಹತ್ತು ವರ್ಷ ಕಳೆದು, 2020ರಲ್ಲಿ, ಅದೇ ಹೆಸರು ವಿದ್ಯುತ್ ಅವತಾರ ತಾಳಿತು. ಒಂದು ಸಾವಿರ ಅಶ್ವಶಕ್ತಿ, ನಿಂತಲ್ಲಿಂದ ಮೂರು ಸೆಕೆಂಡಿನಲ್ಲಿ ಗಂಟೆಗೆ 96 ಕಿ.ಮೀ. ವೇಗ. ಪಾಪಪ್ರಜ್ಞೆಯಿಲ್ಲದೆ ಹಮ್ಮರ್ ಓಡಿಸಬಹುದು ಎಂಬುದೇ ಈ ಅವತಾರದ ಆಕರ್ಷಣೆ.

ಇದೇ ಕಂಪನಿಯ ಇನ್ನೊಂದು ಕಾರನ್ನು ಇಲ್ಲಿ ನೆನೆಯಬೇಕು. 1996ರಿಂದ 1999ರವರೆಗೆ ಜನರಲ್ ಮೋಟಾರ್ಸ್ ಇ.ವಿ.1 ಎಂಬ ವಿದ್ಯುತ್ ಕಾರು ತಯಾರಿಸಿತ್ತು. ಇಬ್ಬರು ಕೂರುವ, ಗಾಳಿಯನ್ನು ಸೀಳಿಕೊಂಡು ಹೋಗುವಂತೆ ನೀರಿನ ಹನಿಯ ಆಕಾರ ಕೊಟ್ಟಿದ್ದ ಈ ಕಾರುಗಳು ತಯಾರಾದದ್ದು 1,117 ಮಾತ್ರ. ಮಾರಾಟವಿಲ್ಲ, ಬಾಡಿಗೆಗೆ ಮಾತ್ರ. ಆಮೇಲೆ ಕಂಪನಿಯೇ ಅವನ್ನು ವಾಪಸು ಪಡೆದು ಹೆಚ್ಚಿನವನ್ನು ಜಜ್ಜಿ ಗುಜರಿಗೆ ಹಾಕಿತು. ಬಳಸುತ್ತಿದ್ದವರು ಬೇಡವೆಂದು ಪ್ರತಿಭಟಿಸಿದರೂ ಕೇಳಲಿಲ್ಲ. ಆ ಇಡೀ ಕಾರು, ಬ್ಯಾಟರಿ ಸಮೇತ, ತೂಗುತ್ತಿದ್ದದ್ದು 1,300ರಿಂದ 1,400 ಕಿಲೋ. ಇಂದಿನ ಹಮ್ಮರ್‌ನ ಬ್ಯಾಟರಿಯೊಂದರ ತೂಕ ಹೆಚ್ಚುಕಡಿಮೆ ಅಷ್ಟೇ! ಅಂದು ಒಂದು ಇಡೀ ವಿದ್ಯುತ್ ಕಾರಾಗಿದ್ದ ಭಾರ ಇಂದು ಇನ್ನೊಂದು ವಿದ್ಯುತ್ ಕಾರಿನ ಒಂದು ಬಿಡಿಭಾಗ.

ಹುಟ್ಟುವಾಗಲೇ ಹೊತ್ತ ಸಾಲ

ವಿದ್ಯುತ್ ಮೋಟಾರಿನ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳೋಣ. ಪೆಟ್ರೋಲ್ ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಗಾಲಿ ತಿರುಗಿಸುವುದಕ್ಕೆ ಸಿಗುವುದು ನಾಲ್ಕರಲ್ಲೊಂದು ಪಾಲು, ಊರಿನ ದಟ್ಟಣೆಯಲ್ಲಿ ಅದಕ್ಕೂ ಕಡಿಮೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಬಾನೆಟ್ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ವಿದ್ಯುತ್ ಮೋಟಾರು ತನಗೆ ಸಿಕ್ಕ ಶಕ್ತಿಯಲ್ಲಿ ಶೇ 85ಕ್ಕೂ ಹೆಚ್ಚನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಬ್ರೇಕ್ ಒತ್ತಿದಾಗ ಒಂದಿಷ್ಟು ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬುವ ಗುಣವೂ ಅದಕ್ಕಿದೆ. ಹೀಗಾಗಿ, ಕಲ್ಲಿದ್ದಲಿನಿಂದ ತಯಾರಾದ ವಿದ್ಯುತ್ತಿನಿಂದ ಓಡಿದರೂ ಸಮಾನ ಗಾತ್ರದ ಪೆಟ್ರೋಲ್ ಕಾರಿಗಿಂತ ಅದು ಸಾಮಾನ್ಯವಾಗಿ ಹಿಂದೆ ಬೀಳುವುದಿಲ್ಲ.

ಎಷ್ಟು ಮುಂದೆ ಎಂಬುದು ಮಾತ್ರ ಊರಿನಿಂದ ಊರಿಗೆ ಬೇರೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಳಿ (ಐ.ಸಿ.ಸಿ.ಟಿ.) 2021ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಗಣಿಯಿಂದ ಗುಜರಿಯವರೆಗೆ, ಕಾರಿನ ಇಡೀ ಆಯುಷ್ಯದ ಲೆಕ್ಕ ಅದು. ಮಧ್ಯಮ ಗಾತ್ರದ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಯೂರೋಪಿನಲ್ಲಿ ಶೇ 66ರಿಂದ 69, ಅಮೆರಿಕದಲ್ಲಿ ಶೇ 60ರಿಂದ 68, ಚೀನಾದಲ್ಲಿ ಶೇ 37ರಿಂದ 45ರಷ್ಟು ಕಡಿಮೆ ಇಂಗಾಲ ಉಗುಳುತ್ತದೆ ಎಂದು ಅದು ಕಂಡುಕೊಂಡಿತು. ಭಾರತದಲ್ಲಿ ಈ ಉಳಿತಾಯ ಶೇ 19ರಿಂದ 34. ಲಾಭವಿದೆ, ಆದರೆ ಕೈಯಲ್ಲಿರುವ ಗಂಟು ಸಣ್ಣದು. ಅದನ್ನು ತೂಕಕ್ಕೆ ಖರ್ಚು ಮಾಡುತ್ತ ಹೋದರೆ ಬೇಗ ಮುಗಿದುಹೋಗುವಷ್ಟು ಸಣ್ಣದು.

ತೂಕ ಆ ಗಂಟನ್ನು ಕರಗಿಸುವುದು ಎರಡು ಕಡೆ. ಮೊದಲನೆಯದು ಕಾರ್ಖಾನೆಯಲ್ಲಿ.

ಬ್ಯಾಟರಿಯ ಸಾಮರ್ಥ್ಯವನ್ನು ನಮ್ಮ ಮನೆಯ ಮೀಟರಿನ ಯೂನಿಟ್‌ನಲ್ಲೇ ಅಳೆಯಬಹುದು. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಸಿಗುವ ವಿದ್ಯುತ್ತಿನ ಗರಿಷ್ಠ ಮಿತಿ 200 ಯೂನಿಟ್. ಹಮ್ಮರ್‌ನ ಬ್ಯಾಟರಿ ಒಮ್ಮೆ ತುಂಬಿದರೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಇಂಥ ಬ್ಯಾಟರಿ ಮಾಡಲು ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಗ್ರಾಫೈಟ್, ತಾಮ್ರ, ಅಲ್ಯುಮಿನಿಯಂ ಅಗೆಯಬೇಕು, ಕರಗಿಸಬೇಕು, ಶುದ್ಧೀಕರಿಸಬೇಕು, ಒಣಗಿಸಬೇಕು. ಎಲ್ಲದಕ್ಕೂ ಶಾಖ ಬೇಕು, ವಿದ್ಯುತ್ ಬೇಕು. ಸ್ವೀಡನ್ನಿನ ಪರಿಸರ ಸಂಶೋಧನಾ ಸಂಸ್ಥೆ ಐ.ವಿ.ಎಲ್. 2019ರಲ್ಲಿ ಕೊಟ್ಟ ಅಂದಾಜಿನಂತೆ, ಬ್ಯಾಟರಿಯ ಒಂದೊಂದು ಯೂನಿಟ್ ಸಾಮರ್ಥ್ಯಕ್ಕೂ 61ರಿಂದ 106 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊಮ್ಮುತ್ತದೆ. 20 ಯೂನಿಟ್‌ನ ಪುಟ್ಟ ಕಾರಿನ ಬ್ಯಾಟರಿಗೆ ಇದು ಒಂದೂಕಾಲರಿಂದ ಎರಡು ಟನ್ ಆಗುತ್ತದೆ. 200 ಯೂನಿಟ್‌ಗೆ 12ರಿಂದ 21 ಟನ್.

ಹನ್ನೆರಡು ಟನ್ ಎಂದರೆ ಎಷ್ಟು? ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಆ ಲೆಕ್ಕದಲ್ಲಿ 12ರಿಂದ 21 ಟನ್ ಎಂದರೆ ಐದು ಸಾವಿರದಿಂದ ಒಂಬತ್ತು ಸಾವಿರ ಲೀಟರ್ ಪೆಟ್ರೋಲು. ಲೀಟರಿಗೆ 15 ಕಿ.ಮೀ. ಕೊಡುವ ಕಾರನ್ನು ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ಕುಟುಂಬ ವರ್ಷಕ್ಕೆ ಬಳಸುವುದು 800 ಲೀಟರ್. ಹಮ್ಮರ್‌ನ ಬ್ಯಾಟರಿ ಗ್ರಾಹಕನ ಮನೆ ಸೇರುವ ಮೊದಲೇ, ಈ ಕುಟುಂಬ ಆರೇಳು ವರ್ಷದಿಂದ ಹನ್ನೊಂದು ವರ್ಷ ಸುಡುವ ಪೆಟ್ರೋಲಿನಷ್ಟು ಇಂಗಾಲ ಆಕಾಶ ಸೇರಿರುತ್ತದೆ. ಬ್ಯಾಟರಿ ಕಾರ್ಖಾನೆಗಳು ಸೌರವಿದ್ಯುತ್ತಿಗೆ ಹೊರಳಿದಂತೆಲ್ಲ ಈ ಸಾಲ ಇಳಿಯುತ್ತದೆ ಎಂಬುದು ನಿಜ. ಆದರೂ ಹತ್ತು ಪಟ್ಟು ದೊಡ್ಡ ಬ್ಯಾಟರಿಯ ಸಾಲ ಹತ್ತು ಪಟ್ಟು ದೊಡ್ಡದಾಗಿಯೇ ಉಳಿಯುತ್ತದೆ.

ಇದರಲ್ಲಿ ಇನ್ನೊಂದು ಸುಳಿಯಿದೆ. ಒಂದೇ ಸಲಕ್ಕೆ ಹೆಚ್ಚು ದೂರ ಹೋಗಬೇಕೆಂದರೆ ದೊಡ್ಡ ಬ್ಯಾಟರಿ ಬೇಕು. ದೊಡ್ಡ ಬ್ಯಾಟರಿ ಹೊರಲು ಗಟ್ಟಿಯಾದ ಚಾಸಿ, ದಪ್ಪ ಟಯರು, ಬಲವಾದ ಬ್ರೇಕು ಬೇಕು. ಅವುಗಳ ತೂಕ ಎಳೆಯಲು ಮತ್ತಷ್ಟು ಬ್ಯಾಟರಿ ಬೇಕು. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಓಡುವಾಗಿನ ಲೆಕ್ಕ

ಎರಡನೆಯ ಸೋರಿಕೆ ರಸ್ತೆಯ ಮೇಲೆ. ಭಾರವಾದ ವಾಹನವನ್ನು ವೇಗಕ್ಕೆ ತರಲು ಹೆಚ್ಚು ಶಕ್ತಿ ಬೇಕು. ಬ್ರೇಕ್ ಒತ್ತಿದಾಗ ಅದರಲ್ಲಿ ಕೆಲಭಾಗ ಬ್ಯಾಟರಿಗೆ ಮರಳುತ್ತದೆಂಬುದು ನಿಜವಾದರೂ, ರಸ್ತೆಗೆ ಟಯರು ಉಜ್ಜುವುದರಲ್ಲಿ ಕಳೆದದ್ದು, ಎತ್ತರದ ಚೌಕ ಮೂತಿಯಿಂದ ಗಾಳಿಯನ್ನು ತಳ್ಳುವುದರಲ್ಲಿ ಕಳೆದದ್ದು ಮರಳುವುದಿಲ್ಲ. ಅಮೆರಿಕದ ಸರ್ಕಾರಿ ಪರೀಕ್ಷೆಯ ಅಂಕಿಯಂತೆ ಹಮ್ಮರ್ ಇ.ವಿ. ನೂರು ಕಿ.ಮೀ. ಓಡಲು ಸುಮಾರು 45 ಯೂನಿಟ್ ಬಳಸುತ್ತದೆ. ಪುಟ್ಟ ವಿದ್ಯುತ್ ಕಾರುಗಳಿಗೆ 12 ಯೂನಿಟ್ ಸಾಕು.

ಇಂಧನ ಮಿತವ್ಯಯದ ಬಗ್ಗೆ ಕೆಲಸ ಮಾಡುವ ಅಮೆರಿಕದ ಎ.ಸಿ.ಇ.ಇ.ಇ. ಎಂಬ ಸಂಸ್ಥೆ 2022ರಲ್ಲಿ ಈ ಹೋಲಿಕೆಯನ್ನು ಅಲ್ಲಿನ ವಿದ್ಯುತ್ ಜಾಲಕ್ಕೆ ಅನ್ವಯಿಸಿ ನೋಡಿತು. ಒಂದು ಮೈಲಿ ಓಡಲು ಹಳೆಯ ಹಮ್ಮರ್ ಎಚ್1 ಉಗುಳುತ್ತಿದ್ದದ್ದು 889 ಗ್ರಾಂ ಇಂಗಾಲದ ಡೈ ಆಕ್ಸೈಡ್. ಹೊಸ ವಿದ್ಯುತ್ ಹಮ್ಮರ್‌ನ ಪಾಲಿಗೆ ವಿದ್ಯುತ್ ಸ್ಥಾವರ ಉಗುಳುವುದು 341 ಗ್ರಾಂ. ಅರ್ಧಕ್ಕಿಂತಲೂ ಕಡಿಮೆ, ಭೇಷ್ ಎನ್ನಬೇಕಾದ್ದೇ. ಆದರೆ ಅದೇ ಜನರಲ್ ಮೋಟಾರ್ಸ್‌ನ ಮಾಲಿಬು ಎಂಬ ಸಾಧಾರಣ ಪೆಟ್ರೋಲ್ ಕಾರಿನದು 320 ಗ್ರಾಂ. ಅದೇ ಕಂಪನಿಯ ಬೋಲ್ಟ್ ಎಂಬ ಸಣ್ಣ ವಿದ್ಯುತ್ ಕಾರಿನದು 92 ಗ್ರಾಂ. ಹೊಗೆಯಿಲ್ಲದ ಹಮ್ಮರ್ ಹೊಗೆಯುಗುಳುವ ಸಾಧಾರಣ ಕಾರಿಗಿಂತ ಹೆಚ್ಚು ಇಂಗಾಲಕ್ಕೆ ಕಾರಣ ಎಂಬುದು ಈ ಅಂಕಿಗಳ ಅರ್ಥ.

ಇದೇ ತಕ್ಕಡಿಯನ್ನು ಭಾರತಕ್ಕೆ ತಂದರೆ? ಹಮ್ಮರ್ ಇ.ವಿ. ಇಲ್ಲಿ ಮಾರಾಟಕ್ಕಿಲ್ಲ, ಜನರಲ್ ಮೋಟಾರ್ಸ್ 2017ರಲ್ಲೇ ಇಲ್ಲಿನ ಮಾರುಕಟ್ಟೆ ಬಿಟ್ಟಿತು. ಆದರೂ ಲೆಕ್ಕಕ್ಕೆಂದು ನೋಡಬಹುದು. ನಮ್ಮ ವಿದ್ಯುತ್ತಿನಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಕಲ್ಲಿದ್ದಲಿನದು. ಒಂದು ಯೂನಿಟ್ ತಯಾರಾದಾಗ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊಮ್ಮುತ್ತದೆ. ಪುಟ್ಟ ವಿದ್ಯುತ್ ಕಾರಿಗೆ ಕಿ.ಮೀ.ಗೆ 84 ಗ್ರಾಂ ಆಯಿತು. ನೂರು ಕಿ.ಮೀ.ಗೆ 20 ಯೂನಿಟ್ ಬಳಸುವ ದೊಡ್ಡ ವಿದ್ಯುತ್ ಕಾರಿಗೆ 140 ಗ್ರಾಂ. ಹಮ್ಮರ್‌ಗೆ 310 ಗ್ರಾಂಗೂ ಹೆಚ್ಚು. ಲೀಟರಿಗೆ 18 ಕಿ.ಮೀ. ಕೊಡುವ ಸಣ್ಣ ಪೆಟ್ರೋಲ್ ಕಾರಿನ ಕೊಳವೆಯಿಂದ ಬರುವುದು 128 ಗ್ರಾಂ. ಕಚ್ಚಾತೈಲ ತೆಗೆದು ಸಂಸ್ಕರಿಸುವ ಖರ್ಚು ಸೇರಿಸಿದರೆ ಪೆಟ್ರೋಲಿನ ಅಂಕಿ ಏರುತ್ತದೆ; ತಂತಿಯಲ್ಲಿ ಸೋರುವ ವಿದ್ಯುತ್ತನ್ನು ಸೇರಿಸಿದರೆ ಇತ್ತಕಡೆಯದೂ ಏರುತ್ತದೆ. ಸ್ಥೂಲ ಚಿತ್ರ ಬದಲಾಗುವುದಿಲ್ಲ. ಪುಟ್ಟ ವಿದ್ಯುತ್ ಕಾರು ನಿಸ್ಸಂಶಯವಾಗಿ ಗೆಲ್ಲುತ್ತದೆ. ದೊಡ್ಡದು ಸಣ್ಣ ಪೆಟ್ರೋಲ್ ಕಾರಿನೊಂದಿಗೆ ಸಮಸಮ ನಿಲ್ಲುತ್ತದೆ. ಆನೆಯಂಥದು ಸೋಲುತ್ತದೆ.

ಕರ್ನಾಟಕದಲ್ಲಿ ಶರಾವತಿಯ ಜಲವಿದ್ಯುತ್ತಿದೆ, ಪಾವಗಡದ ಸೌರ ಉದ್ಯಾನವಿದೆ, ನಮ್ಮ ಕಾರು ಕಲ್ಲಿದ್ದಲಿನದಲ್ಲ ಎಂದು ಸಮಾಧಾನಪಡುವವರುಂಟು. ತಂತಿಗೆ ಈ ಭೇದ ತಿಳಿಯದು. ರಾಯಚೂರು-ಸೊಲ್ಲಾಪುರದ 765 ಕೆ.ವಿ. ಮಾರ್ಗದ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಒಂದಾಯಿತು. ಇಲ್ಲಿ ಉಳಿಸಿದ ಯೂನಿಟ್ ಅಲ್ಲಿನ ಕಲ್ಲಿದ್ದಲನ್ನು ಉಳಿಸುತ್ತದೆ, ಇಲ್ಲಿ ಪೋಲಾದದ್ದು ಅಲ್ಲಿ ಉರಿಯುತ್ತದೆ.

ದೊಡ್ಡ ವಿದ್ಯುತ್ ವಾಹನಗಳ ಪರವಾಗಿಯೂ ಹೇಳಬೇಕಾದ ಮಾತಿದೆ, ಅದು ಸಣ್ಣ ಮಾತೇನಲ್ಲ. ಪೆಟ್ರೋಲ್ ಕಾರು ಹುಟ್ಟಿದ ದಿನದಿಂದ ಗುಜರಿಯ ದಿನದವರೆಗೂ ಅಷ್ಟೇ ಹೊಗೆ ಬಿಡುತ್ತದೆ. ವಿದ್ಯುತ್ ಕಾರು ಹಾಗಲ್ಲ. ಜಾಲಕ್ಕೆ ಗಾಳಿ, ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಅದೂ ವರ್ಷವರ್ಷಕ್ಕೆ ಶುದ್ಧವಾಗುತ್ತ ಹೋಗುತ್ತದೆ. ಅಲ್ಲದೆ, ಕೊಳ್ಳುವವನು ಏನನ್ನು ಬಿಟ್ಟು ಇದನ್ನು ಕೊಂಡ ಎಂಬುದೂ ಮುಖ್ಯ. ಹೇಗಿದ್ದರೂ ಎರಡೂವರೆ ಟನ್ನಿನ ಡೀಸೆಲ್ ಗಾಡಿಯನ್ನೇ ಕೊಳ್ಳಲಿದ್ದವನು ಅದರ ಬದಲು ವಿದ್ಯುತ್ ಗಾಡಿ ಕೊಂಡರೆ ಭೂಮಿಗೆ ಒಳಿತೇ ಆಯಿತು. ಸಣ್ಣ ಕಾರಿನಲ್ಲಿ, ಸ್ಕೂಟರಿನಲ್ಲಿ ಅಥವಾ ಬಸ್ಸಿನಲ್ಲಿ ಓಡಾಡುತ್ತಿದ್ದವನು, ಹೇಗೂ ಇದು ಹಸಿರು ಎಂಬ ಧೈರ್ಯದಿಂದ ದೊಡ್ಡದಕ್ಕೆ ಹತ್ತಿದರೆ ಲೆಕ್ಕ ತಿರುಗುಮುರುಗಾಯಿತು. ಯಾವ ಜಾಹೀರಾತೂ ಈ ಇಬ್ಬರನ್ನು ಬೇರೆ ಮಾಡಿ ಮಾತಾಡಿಸುವುದಿಲ್ಲ.

ಕಾರು ಬೆಳೆದದ್ದು ಹೇಗೆ

ವಿದ್ಯುತ್ ಕಾರು ಹುಟ್ಟಿನಿಂದ ಇಷ್ಟು ದೊಡ್ಡದಾಗಿರಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರ ಚಿಲ್ಲರೆ ಕಾರುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ವಿದ್ಯುತ್ತಿನವು. ಪೆಟ್ರೋಲಿನವು ಅದಕ್ಕಿಂತ ಕಡಿಮೆ. ಸದ್ದಿಲ್ಲದ, ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲದ ಅವು ಊರೊಳಗಿನ ಓಡಾಟಕ್ಕೆ ಹೇಳಿ ಮಾಡಿಸಿದಂತಿದ್ದವು. ಪೆಟ್ರೋಲ್ ಕಾರನ್ನು ಜನಸಾಮಾನ್ಯರ ಕೈಗೆಟುಕಿಸಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಫೋರ್ಡ್ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನೇ.

ಅಮೆರಿಕದ ಕಾರುಗಳು ಈಗಿನ ಗಾತ್ರಕ್ಕೆ ಬೆಳೆದುದರಲ್ಲಿ ಜನರ ಆಸೆಯ ಪಾಲಿದ್ದಂತೆ ಕಾನೂನಿನ ಪಾಲೂ ಇದೆ. 1973ರ ತೈಲ ಬಿಕ್ಕಟ್ಟಿನ ಬಳಿಕ, 1975ರಲ್ಲಿ, ಕಾರುಗಳು ಒಂದು ಗ್ಯಾಲನ್ ಪೆಟ್ರೋಲಿಗೆ ಕನಿಷ್ಠ ಎಷ್ಟು ಮೈಲಿ ಕೊಡಬೇಕೆಂದು ಅಲ್ಲಿನ ಕಾಂಗ್ರೆಸ್ ಕಟ್ಟಳೆ ಮಾಡಿತು. ರೈತರು, ಬಡಗಿಗಳು ಬಳಸುವ ಹಗುರ ಟ್ರಕ್ಕುಗಳಿಗೆ ಕನಿಕರದಿಂದ ಬೇರೆ, ಸಡಿಲ ನಿಯಮ ಬಂತು. ಕಂಪನಿಗಳು ಈ ಕಿಂಡಿಯನ್ನು ಬಲುಬೇಗ ಕಂಡುಕೊಂಡವು. ಟ್ರಕ್ಕಿನ ಚಾಸಿಯ ಮೇಲೆ ಮೆತ್ತನೆಯ ಸೀಟು ಹಾಕಿ, ಕುಟುಂಬ ಕೂರುವಂತೆ ಮಾಡಿ, ಕಾಗದದಲ್ಲಿ ಅದನ್ನು ಟ್ರಕ್ಕೆಂದೇ ತೋರಿಸಿದವು. ಇಂದು ಎಸ್.ಯು.ವಿ. ಎಂದು ಲೋಕವೆಲ್ಲ ಕರೆಯುವ ವಾಹನದ ಬೆಳವಣಿಗೆಗೆ ಗೊಬ್ಬರವಾದದ್ದು ಇದೇ. ಮುಂದೆ ನಿಯಮ ತಿದ್ದಿದಾಗ ವಾಹನ ಆವರಿಸುವ ನೆಲ ಹೆಚ್ಚಿದಷ್ಟೂ ಗುರಿ ಸಡಿಲವಾಗುವಂತೆ ಮಾಡಲಾಯಿತು. 2012ರಿಂದ ಜಾರಿಗೆ ಬಂದ ಹೊಗೆ ನಿಯಮಗಳಲ್ಲಂತೂ ವಿದ್ಯುತ್ ವಾಹನ ಎಷ್ಟೇ ವಿದ್ಯುತ್ ನುಂಗಲಿ, ಅದರ ಹೊಗೆ ಸೊನ್ನೆ ಎಂದು ಬರೆದುಕೊಳ್ಳುವ ಅವಕಾಶ ಸಿಕ್ಕಿತು. ಕಂಪನಿಯ ಒಟ್ಟು ಸರಾಸರಿಯಲ್ಲಿ ಬೋಲ್ಟ್‌ಗೂ ಸೊನ್ನೆ, ಹಮ್ಮರ್‌ಗೂ ಸೊನ್ನೆ. ಲಾಭ ಹೆಚ್ಚು ತರುವ ಸೊನ್ನೆ ಯಾವುದೆಂದು ಯಾವ ವ್ಯಾಪಾರಿಗೂ ಹೇಳಿಕೊಡಬೇಕಾಗಿಲ್ಲ.

2022ರಲ್ಲಿ ಅಧ್ಯಕ್ಷ ಬೈಡನ್ ಅವರ ಸರ್ಕಾರ ವಿದ್ಯುತ್ ವಾಹನ ಕೊಳ್ಳುವವರಿಗೆ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ನೀಡುವ ಕಾಯ್ದೆ ತಂದಾಗಲೂ ಇದೇ ಮರುಕಳಿಸಿತು. ಬೆಲೆಯ ಮಿತಿ ಕಾರಿಗಾದರೆ 55,000 ಡಾಲರ್, ಎಸ್.ಯು.ವಿ. ಅಥವಾ ಪಿಕಪ್ ಆದರೆ 80,000. ಟೆಸ್ಲಾದ ಮಾಡೆಲ್ ವೈ ಎಂಬ ಒಂದೇ ಕಾರು, ಐದು ಸೀಟಿದ್ದರೆ ಕಾರು, ಹಿಂದೆ ಇನ್ನೊಂದು ಸಾಲು ಸೀಟು ಸೇರಿಸಿದರೆ ಎಸ್.ಯು.ವಿ. ಎಂಬ ತೀರ್ಪು ಮೊದಲು ಬಂತು. ಕಂಪನಿಗಳು ಗದ್ದಲ ಎಬ್ಬಿಸಿದ ಮೇಲೆ 2023ರ ಫೆಬ್ರುವರಿಯಲ್ಲಿ ಖಜಾನೆ ಇಲಾಖೆ ವ್ಯಾಖ್ಯೆಯನ್ನೇ ಬದಲಿಸಿ ಇನ್ನಷ್ಟು ವಾಹನಗಳನ್ನು ದೊಡ್ಡವರ ಪಂಕ್ತಿಯಲ್ಲಿ ಕೂರಿಸಿತು. ಈ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿದೆ. ಹವಾಮಾನದ ಹೆಸರಿನಲ್ಲಿ ಕೊಟ್ಟ ಹಣ ಗಾತ್ರಕ್ಕೆ ಬಹುಮಾನವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಗಾತ್ರದ ಹಂಬಲ ಅಮೆರಿಕಕ್ಕೆ ಸೀಮಿತವಾಗಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ 48ರಷ್ಟು ಎಸ್.ಯು.ವಿ.ಗಳು. ವರ್ಷಕ್ಕೆ ನೂರು ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಹೊರಹಾಕುವ ಇವೆಲ್ಲ ಸೇರಿ ಒಂದು ದೇಶವಾಗಿದ್ದರೆ ಹೊಗೆಯುಗುಳುವವರ ಪಟ್ಟಿಯಲ್ಲಿ ಅದು ಐದನೆಯದಾಗುತ್ತಿತ್ತು. ಅದೇ ವರ್ಷ ನೋಂದಣಿಯಾದ ಹೊಸ ವಿದ್ಯುತ್ ಕಾರುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಎಸ್.ಯು.ವಿ.ಗಳೇ.

ಭಾರದ ಇನ್ನೊಂದು ಮುಖ ಅಪಘಾತ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ 2023ರ ಜನವರಿಯಲ್ಲಿ ಹಮ್ಮರ್‌ನ ಉದಾಹರಣೆ ಕೊಟ್ಟೇ ಈ ಬಗ್ಗೆ ಎಚ್ಚರಿಸಿದರು. ಆನೆಯಷ್ಟು ತೂಕ ಮೂರು ಸೆಕೆಂಡಿನಲ್ಲಿ ನೂರರ ವೇಗಕ್ಕೆ ಬಂದರೆ ಎದುರಿನ ಪುಟ್ಟ ಕಾರಿನಲ್ಲಿ ಕೂತವರ, ಸೈಕಲ್ಲಿನವರ, ಕಾಲ್ನಡಿಗೆಯವರ ಗತಿ ಏನೆಂದು ಊಹಿಸಬಹುದು.

ತೂಕಕ್ಕೆ ತೆರಿಗೆ

ವಿದ್ಯುತ್ ಕಾರುಗಳಲ್ಲಿ ಜಗತ್ತಿಗೇ ಮುಂದಿರುವ ದೇಶ ನಾರ್ವೆ. 2024ರಲ್ಲಿ ಅಲ್ಲಿ ಮಾರಾಟವಾದ ನೂರು ಹೊಸ ಕಾರುಗಳಲ್ಲಿ ಸುಮಾರು 89 ವಿದ್ಯುತ್ತಿನವು. ಅಲ್ಲಿನ ವಿದ್ಯುತ್ ಬಹುಪಾಲು ಜಲವಿದ್ಯುತ್; ಕಲ್ಲಿದ್ದಲಿನ ಹಂಗಿಲ್ಲ. ವರ್ಷಗಟ್ಟಲೆ ತೆರಿಗೆ ವಿನಾಯಿತಿ ಕೊಟ್ಟು ಜನರನ್ನು ವಿದ್ಯುತ್ತಿಗೆ ಒಲಿಸಿದ ಆ ಸರ್ಕಾರವೇ 2023ರಿಂದ ವಿದ್ಯುತ್ ಕಾರುಗಳ ಮೇಲೆ ತೂಕದ ತೆರಿಗೆ ಹಾಕಿತು. 500 ಕಿಲೋ ಮೀರಿದ ಪ್ರತಿ ಕಿಲೋಗೆ ಹನ್ನೆರಡೂವರೆ ಕ್ರೋನರ್. ಐದು ಲಕ್ಷ ಕ್ರೋನರ್‌ಗಿಂತ ದುಬಾರಿ ಕಾರಾದರೆ ಮಿಗಿಲಾದ ಮೊತ್ತಕ್ಕೆ ಶೇ 25ರ ಮೌಲ್ಯವರ್ಧಿತ ತೆರಿಗೆಯೂ ಬಂತು. ಇಂಧನದ ಪ್ರಶ್ನೆ ಮುಗಿದಲ್ಲೂ ತೂಕದ ಪ್ರಶ್ನೆ ಮುಗಿಯಲಿಲ್ಲ.

ಪ್ಯಾರಿಸ್ ಇನ್ನೊಂದು ದಾರಿ ಹಿಡಿಯಿತು. 2024ರ ಫೆಬ್ರುವರಿ 4ರಂದು ನಗರಾಡಳಿತ ಜನಮತ ಕೇಳಿತು: ಹೊರಗಿನಿಂದ ಬರುವ ಭಾರಿ ಕಾರುಗಳ ಪಾರ್ಕಿಂಗ್ ದರ ಮೂರು ಪಟ್ಟು ಮಾಡೋಣವೇ? ಮತ ಹಾಕಿದವರಲ್ಲಿ ಶೇ 54ಕ್ಕೂ ಹೆಚ್ಚು ಮಂದಿ ಹೌದೆಂದರು. ಮತ ಹಾಕಿದವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಆ ವರ್ಷದ ಅಕ್ಟೋಬರ್‌ನಿಂದ ನಗರದ ನಡುಭಾಗದಲ್ಲಿ ಗಂಟೆಗೆ 18 ಯೂರೊ ದರ ಜಾರಿಯಾಯಿತು. 1,600 ಕಿಲೋ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಅದು ಅನ್ವಯ. ವಿದ್ಯುತ್ ಕಾರಾದರೆ ಮಿತಿ ಎರಡು ಟನ್. ಬ್ಯಾಟರಿಗೆಂದು 400 ಕಿಲೋ ರಿಯಾಯಿತಿ ಕೊಟ್ಟು, ಅದರಾಚೆ ಹಸಿರು ಬಣ್ಣವನ್ನು ಒಪ್ಪದ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ.

ಭಾರತದ ಮಾತಿಗೆ ಬಂದರೆ ಹೆಮ್ಮೆಪಡುವ ಸಂಗತಿಯೂ ಇದೆ, ಮುಜುಗರದ್ದೂ ಇದೆ. ದೇಶದ ಮೊದಲ ಹೆಸರಾಂತ ವಿದ್ಯುತ್ ಕಾರು ಬೆಂಗಳೂರಿನದು. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿಯಿತು. ಎರಡು ಬಾಗಿಲಿನ, ಇಬ್ಬರು ದೊಡ್ಡವರು ಮತ್ತು ಇಬ್ಬರು ಮಕ್ಕಳು ಹಿಡಿಸುವ ಈ ಗುಬ್ಬಚ್ಚಿಯ ತೂಕ, ಬ್ಯಾಟರಿಯೂ ಸೇರಿ, ಸುಮಾರು 665 ಕಿಲೋ. ಎರಡು ರೇವಾ ಸೇರಿದರೆ ಹಮ್ಮರ್‌ನ ಒಂದು ಬ್ಯಾಟರಿ! ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಗಿ, ದಟ್ಟಣೆ ಶುಲ್ಕದ ವಿನಾಯಿತಿಯಿಂದಾಗಿ ಒಂದಷ್ಟು ಜನಪ್ರಿಯವೂ ಆಯಿತು. ಕುಂದೂ ಇತ್ತು. ಡಿಕ್ಕಿಯಾದರೆ ಒಳಗಿದ್ದವರಿಗೆ ರಕ್ಷಣೆ ಸಾಲದೆಂದು ಬ್ರಿಟಿಷ್ ಪತ್ರಿಕೆಗಳು ಟೀಕಿಸಿದವು, ಅದರಲ್ಲಿ ಹುರುಳಿತ್ತು. 2010ರಲ್ಲಿ ಕಂಪನಿ ಮಹೀಂದ್ರಾದ ಕೈಸೇರಿತು. ಅದೇ ಮಹೀಂದ್ರಾ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ವಿದ್ಯುತ್ ಎಸ್.ಯು.ವಿ.ಗಳ ಬ್ಯಾಟರಿ 59 ಮತ್ತು 79 ಯೂನಿಟ್‌ನದು. ಹಮ್ಮರ್‌ಗೆ ಹೋಲಿಸಿದರೆ ಚಿಕ್ಕದು, ರೇವಾಕ್ಕೆ ಹೋಲಿಸಿದರೆ ಬೇರೆಯೇ ಯುಗದ್ದು.

ಕೇಂದ್ರದ ಸಹಾಯಧನದ ಯೋಜನೆಗಳು ದೊಡ್ಡ ಕಾರಿನ ಮೋಹಕ್ಕೆ ಅಷ್ಟಾಗಿ ಸಿಲುಕಿಲ್ಲ ಎಂಬುದನ್ನು ಮೆಚ್ಚಬೇಕು. 2019ರ ಫೇಮ್ ಎರಡನೇ ಹಂತದಲ್ಲಾಗಲಿ, 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್‌ನಲ್ಲಾಗಲಿ ಸ್ವಂತ ಬಳಕೆಯ ಕಾರಿಗೆ ಹಣವಿಲ್ಲ. ಅದು ಹೋಗುವುದು ಸ್ಕೂಟರು, ಆಟೊ, ಬಸ್ಸುಗಳಂಥವಕ್ಕೆ. 2023ರಲ್ಲಿ ಭಾರತದಲ್ಲಿ ಮಾರಾಟವಾದ ತ್ರಿಚಕ್ರ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಿನವಾಗಿದ್ದವು. ಆ ವರ್ಷ ಈ ಮಾರುಕಟ್ಟೆಯಲ್ಲಿ ಭಾರತ ಚೀನಾವನ್ನು ಹಿಂದೆ ಹಾಕಿತು. ಸದ್ದುಗದ್ದಲವಿಲ್ಲದೆ ನಡೆದ ಈ ಬದಲಾವಣೆ ಎಷ್ಟೋ ದೊಡ್ಡ ಕಾರುಗಳ ಬಿಡುಗಡೆ ಸಮಾರಂಭಗಳಿಗಿಂತ ದೊಡ್ಡದು. ಹಮ್ಮರ್‌ನ ಒಂದು ಬ್ಯಾಟರಿಯಷ್ಟು ಸಾಮರ್ಥ್ಯದಲ್ಲಿ ಮೂರು ಯೂನಿಟ್‌ನ ಅರವತ್ತಕ್ಕೂ ಹೆಚ್ಚು ಸ್ಕೂಟರು ಮಾಡಬಹುದು. ಎಂಟು ಯೂನಿಟ್‌ನ ಆಟೊಗಳಾದರೆ ಇಪ್ಪತ್ತೈದು. ನಗರ ಸಾರಿಗೆಯ ಹನ್ನೆರಡು ಮೀಟರ್ ಉದ್ದದ ಒಂದು ಬಸ್ಸಿಗೂ ಬೇಕಾಗುವುದು 200ರಿಂದ 300 ಯೂನಿಟ್‌ನ ಬ್ಯಾಟರಿ, ಮತ್ತು ಆ ಬಸ್ಸು ಬೆಳಗಿನಿಂದ ರಾತ್ರಿಯವರೆಗೆ ನಿಲ್ಲದೆ ಜನರನ್ನು ಹೊರುತ್ತದೆ.

ಮುಜುಗರವಿರುವುದು ತೆರಿಗೆಯಲ್ಲಿ. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ. ಶೇ 5. ಅದು ಸ್ಕೂಟರಿಗೂ ಅಷ್ಟೇ, ಕೋಟಿ ರೂಪಾಯಿಯ ಕಾರಿಗೂ ಅಷ್ಟೇ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳನ್ನು ಪರಿಷ್ಕರಿಸಿದಾಗ ಸಣ್ಣ ಪೆಟ್ರೋಲ್ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40 ನಿಗದಿಯಾಯಿತು. ವಿದ್ಯುತ್ ವಾಹನಗಳದು, ಗಾತ್ರ ಯಾವುದೇ ಇರಲಿ, ಐದರಲ್ಲೇ ಉಳಿಯಿತು. ಐದು ಲಕ್ಷದ ಪುಟ್ಟ ಪೆಟ್ರೋಲ್ ಕಾರು ಕೊಳ್ಳುವ ಶಾಲಾ ಮಾಸ್ತರರು 90 ಸಾವಿರ ರೂಪಾಯಿ ತೆರಿಗೆ ಕಟ್ಟುತ್ತಾರೆ. ಕೋಟಿ ಬೆಲೆಯ ವಿದ್ಯುತ್ ವಾಹನ ಕೊಳ್ಳುವ ಉದ್ಯಮಿ ಕಟ್ಟುವುದು ಐದು ಲಕ್ಷ. ಅದೇ ಬೆಲೆಯ ಪೆಟ್ರೋಲ್ ವಾಹನವಾಗಿದ್ದರೆ 40 ಲಕ್ಷ. ಅಂದರೆ 35 ಲಕ್ಷ ರೂಪಾಯಿಯನ್ನು ಸರ್ಕಾರ ಬಿಟ್ಟುಕೊಟ್ಟಂತಾಯಿತು. ಬದಲಿಗೆ ಆಕಾಶಕ್ಕೆ ಎಷ್ಟು ಇಂಗಾಲ ಕಡಿಮೆಯಾಯಿತು ಎಂದು ಕೇಳುವ ಅಂಕಣ ಆ ನಮೂನೆಯಲ್ಲಿಲ್ಲ.

ಕರ್ನಾಟಕ ಈ ದಿಸೆಯಲ್ಲಿ ಅರ್ಧ ಹೆಜ್ಜೆ ಇಟ್ಟಿದೆ. ವಿದ್ಯುತ್ ವಾಹನಗಳಿಗೆ 2016ರಿಂದ ರಸ್ತೆ ತೆರಿಗೆಯ ವಿನಾಯಿತಿ ನೀಡಿದ್ದ ರಾಜ್ಯ, 2024ರಲ್ಲಿ ಕಾಯ್ದೆ ತಿದ್ದಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಬೆಲೆಯ ಶೇ 10ರಷ್ಟು ಆಜೀವ ತೆರಿಗೆ ವಿಧಿಸಿತು. ಮಾನದಂಡ ಬೆಲೆಯೇ ಹೊರತು ತೂಕವಲ್ಲ. ತೂಕವನ್ನು ಮಾನದಂಡವಾಗಿಸಲು ಹೊಸದಾಗಿ ವೇ ಬ್ರಿಜ್ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಆರ್.ಟಿ.ಒ. ಕಚೇರಿ ಕೊಡುವ ನೋಂದಣಿ ಪತ್ರದಲ್ಲಿ, ಎಂಜಿನ್ ನಂಬರು, ಚಾಸಿ ನಂಬರುಗಳ ಜತೆಗೆ, ಖಾಲಿ ವಾಹನದ ತೂಕ ಎಷ್ಟು ಕಿಲೋ ಎಂಬುದು ಮೊದಲಿನಿಂದಲೂ ನಮೂದಾಗುತ್ತಲೇ ಬಂದಿದೆ.